ಒಂದು ದಿನದ ಕೆಸರು, ಹನ್ನೆರಡು ತಿಂಗಳ ಪಾಠ

ಆಟಿ ತಿಂಗಳು ಬಂತೆಂದರೆ ತುಳುನಾಡಿನ ಊರೂರುಗಳಲ್ಲಿ ‘ಕೆಸರ್ಡ್ ಒಂಜಿ ದಿನ’ದ ಸಂಭ್ರಮ. ಶಾಲಾ ಮಕ್ಕಳು ಗದ್ದೆಗಿಳಿದು ಓಡುತ್ತಾರೆ, ಹಗ್ಗ ಜಗ್ಗುತ್ತಾರೆ, ಹಿರಿಯರೊಡನೆ ನಾಲ್ಕು ಸಾಲು ನೇಜಿಯನ್ನೂ ನೆಡುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಇದೆಲ್ಲ ಒಳ್ಳೆಯದೇ. ಆದರೆ ನೆಟ್ಟ ನೇಜಿ ಏನಾಯಿತು, ಗದ್ದೆಯ ನೀರು ಎಲ್ಲಿಗೆ ಹೋಯಿತು, ಕೊಯ್ಲಾದ ಮೇಲೆ ಆ ಮಣ್ಣು ಏನು ಮಾಡುತ್ತಿದೆ ಎಂದು ಅದೇ ಮಕ್ಕಳನ್ನು ಕೇಳಿದರೆ ಉತ್ತರವಿಲ್ಲ. ಪಾಠ ಶುರುವಾಗುವುದೇ ಅಲ್ಲಿಂದ.

ಕಾರ್ಕಳ ತಾಲೂಕಿನ ಅಜೆಕಾರಿನಂಥ ಊರನ್ನು ನೋಡಿ. ಪೂರ್ವಕ್ಕೆ ಘಟ್ಟದ ಸಾಲು, ಕಾಲಡಿಯಲ್ಲಿ ಮುರಕಲ್ಲಿನ ಕೆಂಪು ಮಣ್ಣು, ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಹಾಗೆ ಲೆಕ್ಕ ಹಾಕಿದರೆ ಒಂದು ಎಕರೆಗೆ ವರ್ಷಕ್ಕೆ 1.6 ಕೋಟಿ ಲೀಟರ್! ಇಷ್ಟಾದರೂ ಮಾರ್ಚ್ ತಿಂಗಳಲ್ಲಿ ಬಾವಿಯ ತಳ ಕಾಣುವುದೇಕೆ? ಈ ಒಂದು ಪ್ರಶ್ನೆ ಸಾಕು, ಏಳನೇ ತರಗತಿಯ ಮಕ್ಕಳನ್ನು ಇಡೀ ವರ್ಷ ಹೊಲದಲ್ಲಿ ಓಡಾಡಿಸಲು.

ಮೊದಲ ಉತ್ತರ ಏಣೆಲು ಬೆಳೆಯ ಕಾಲದಲ್ಲಿ ಸಿಗುತ್ತದೆ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಬರಿ ಮಣ್ಣಾದರೆ ಕಣಗಳು ಚದುರಿ, ರಂಧ್ರಗಳು ಮುಚ್ಚಿ, ಕೆಂಪು ನೀರು ಹೊಳೆಗೆ ಓಡುತ್ತದೆ. ನಾಲ್ಕೂ ಕಡೆ ಹುಣಿಯಿರುವ ಗದ್ದೆ ಹಾಗಲ್ಲ. ಎಕರೆ ಗದ್ದೆಯಲ್ಲಿ ಒಂದು ಗೇಣಿಗಿಂತ ಕಡಿಮೆ, ಅಂದರೆ 15 ಸೆಂಟಿಮೀಟರ್ ನೀರು ನಿಂತರೂ ಅದು ಆರು ಲಕ್ಷ ಲೀಟರ್. ಅದು ನಿಧಾನವಾಗಿ ಇಂಗುತ್ತದೆ. ಗದ್ದೆ ಹಡಿಲು ಬಿದ್ದರೆ ಹುಣಿ ಜರಿಯುತ್ತದೆ, ತೋಡು ಹೂಳುತ್ತದೆ. ನಷ್ಟವಾಗುವುದು ಅಕ್ಕಿ ಮಾತ್ರವಲ್ಲ, ನೆರೆಮನೆಯ ಬಾವಿಯ ನೀರು ಕೂಡ.

ಎರಡನೇ ಪಾಠ ಕೊಯ್ಲಿನ ನಂತರದ್ದು. ಬೈಲು ಗದ್ದೆಯಲ್ಲಿ ಸುಗ್ಗಿ, ಕೊಳಕೆ ಎಂದು ಮತ್ತೆರಡು ಭತ್ತದ ಬೆಳೆ ತೆಗೆಯುವ ಪದ್ಧತಿಯಿತ್ತು. ನೀರು ಸಾಲದ ಕಡೆ ಉಳಿದ ತೇವದಲ್ಲೇ ಉದ್ದು, ಹೆಸರು, ಹುರುಳಿ ಬಿತ್ತುತ್ತಾರೆ. ಹೂ ಬಿಡುವ ಹೊತ್ತಿಗೆ ಒಂದು ಉದ್ದಿನ ಗಿಡವನ್ನು ಮೆಲ್ಲನೆ ಕಿತ್ತು ಬೇರು ತೊಳೆಯಿರಿ. ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು! ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಹತ್ತಿರದ ನೆಂಟನಾದ ಲೆಗ್‌ಹಿಮೋಗ್ಲೋಬಿನ್ ಅದು. ಗಂಟಿನೊಳಗಿನ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂಬುದಕ್ಕೆ ಈ ಬಣ್ಣವೇ ಗುರುತು. ಪುಸ್ತಕದ ಚಿತ್ರ ನೋಡಿ ಬಾಯಿಪಾಠ ಮಾಡಿದ ಮಗು ಇದನ್ನು ಪರೀಕ್ಷೆಯ ಮರುದಿನ ಮರೆತೀತು. ಗಂಟು ಸೀಳಿ ನೋಡಿದ ಮಗು ಮರೆಯಲಾರದು.

ಫೆಬ್ರವರಿಯಲ್ಲಿ ಕೆಡ್ಡಸ. ಭೂಮಿತಾಯಿ ಮುಟ್ಟಾದಳೆಂದು ಭಾವಿಸಿ ಮೂರು ದಿನ ನೆಲ ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ. ಈ ನಂಬಿಕೆಯ ಹಿಂದೆ ಮಣ್ಣಿಗೂ ಜೀವವಿದೆ, ಅದಕ್ಕೂ ವಿಶ್ರಾಂತಿ ಬೇಕೆಂಬ ಭಾವನೆಯಿದೆ. ಎರೆಹುಳು ಮಣ್ಣನ್ನು ಮಗುಚುವ ಬಗೆಯ ಕುರಿತು ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಒಂದು ಪುಸ್ತಕವನ್ನೇ ಬರೆದ. ತರಗೆಲೆ ಹೊದೆಸಿದ ಅಡಿಕೆ ತೋಟದಲ್ಲೊಂದು, ಬೋಳು ಅಂಗಳದಲ್ಲೊಂದು ಒಂದಡಿ ಚೌಕ ಗುರುತಿಸಿ ಎರೆಹುಳು ಎಣಿಸಿದರೆ ಮಕ್ಕಳೂ ಡಾರ್ವಿನ್ನನ ದಾರಿಯಲ್ಲಿ ನಡೆದಂತೆಯೇ.

ಹಾಗೆಂದು ಹಿರಿಯರು ಮಾಡಿದ್ದೆಲ್ಲ ಸರಿಯೆನ್ನಬೇಕಾಗಿಲ್ಲ. ಸುಡುಮಣ್ಣಿನ ವಿಷಯ ನೋಡಿ. ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ, ನಮ್ಮ ಮಣ್ಣಿನ ಹುಳಿಗುಣವೂ ತಗ್ಗುತ್ತದೆ. ಆದರೆ ತರಗೆಲೆಯ ಇಂಗಾಲ, ಸಾರಜನಕಗಳ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಅದೇ ಸೊಪ್ಪನ್ನು ಹಟ್ಟಿಗೆ ಹಾಸಿ ಗೊಬ್ಬರ ಮಾಡಿದರೆ ಅದರಲ್ಲಿ ಬಹಳಷ್ಟು ಮಣ್ಣಿಗೇ ಮರಳುತ್ತದೆ. ವರ್ಗ ಜಮೀನಿನ ಸುತ್ತ ನೂರು ಗಜದವರೆಗಿನ ಕುಮ್ಕಿಯ ಸವಲತ್ತು ಬೇಸಾಯಗಾರನಿಗೆ ದೊರೆತದ್ದು ಈ ಸೊಪ್ಪು, ಸೌದೆಗಳಿಗಾಗಿಯೇ. ಗುಡ್ಡವಿಲ್ಲದೆ ಹಟ್ಟಿಯಿಲ್ಲ, ಹಟ್ಟಿಯಿಲ್ಲದೆ ಗದ್ದೆಯಿಲ್ಲ.

ಅಮೆರಿಕದ ರಾಬರ್ಟ್ ರೋಡೇಲ್ 1980ರ ದಶಕದಲ್ಲಿ ಪ್ರಚಾರಕ್ಕೆ ತಂದ ‘ರೀಜನರೇಟಿವ್’, ಅಂದರೆ ಪುನಶ್ಚೇತನ ಕೃಷಿಯ ತಿರುಳೂ ಇದೇ: ಮಣ್ಣನ್ನು ಬಳಸುತ್ತಲೇ ಮೊದಲಿಗಿಂತ ಉತ್ತಮಗೊಳಿಸುವುದು. ನಮ್ಮವರಿಗೆ ಇದು ಹೊಸತಲ್ಲ. ಬ್ರಹ್ಮಾವರ ಸಮೀಪದ ಚೇರ್ಕಾಡಿಯಲ್ಲಿ ಗಾಂಧಿವಾದಿ ದಿವಂಗತ ರಾಮಚಂದ್ರ ರಾಯರು ತಮ್ಮ ಸಣ್ಣ ಹಿಡುವಳಿಯಲ್ಲಿ ನೇಗಿಲು ಹೂಡದೆಯೇ ಭತ್ತ ಬೆಳೆದು ತೋರಿಸಿದವರು. ಅವರ ಹೊಲವೇ ನೋಡಬಂದವರಿಗೆ ಶಾಲೆಯಾಗಿತ್ತು.

2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನ ನಡೆಸಿತು. ಸಾವಿರಕ್ಕೂ ಹೆಚ್ಚು ಎಕರೆ ಪಾಳು ಗದ್ದೆಯಲ್ಲಿ ಭತ್ತ ಬೆಳೆದು, ಆ ಅಕ್ಕಿ ‘ಉಡುಪಿ ಕೇದಾರ ಕಜೆ’ಯೆಂದು ಮಾರುಕಟ್ಟೆಗೆ ಬಂತು. ಊರು ಮನಸ್ಸು ಮಾಡಿದರೆ ಗದ್ದೆ ಏಳುತ್ತದೆಂಬುದಕ್ಕೆ ಇದು ಸಾಕ್ಷಿ. ಆದರೆ ಒಮ್ಮೆ ಎಬ್ಬಿಸಿದ ಗದ್ದೆಯನ್ನು ವರ್ಷವರ್ಷವೂ ಉಳಿಸಿಕೊಳ್ಳುವುದೇ ನಿಜವಾದ ಕಷ್ಟ. ಕೂಲಿ ದುಬಾರಿ, ಭತ್ತದ ಬೆಲೆ ಸಾಲದು, ಮನೆಯ ಎಳೆಯರು ಪೇಟೆಯಲ್ಲಿ. ಒಬ್ಬ ಬೇಸಾಯಗಾರ ಈ ಭಾರವನ್ನು ಒಂಟಿಯಾಗಿ ಹೊರಲಾರ. ಹಿಂದಿನ ಮುಯ್ಯಾಳು ಪದ್ಧತಿ ಹುಟ್ಟಿದ್ದು ಇದಕ್ಕಾಗಿಯೇ.

ಶಾಲೆಯೂ ಮುಯ್ಯಾಳು ಆಗಬಹುದು. ಹತ್ತಿರದ ಒಂದೇ ಗದ್ದೆಯನ್ನು ಆರಿಸಿಕೊಂಡು ವರ್ಷಕ್ಕೆ ನಾಲ್ಕು ಬಾರಿ ಹೋಗಲಿ: ನಾಟಿಗೆ, ಕೊಯ್ಲಿಗೆ, ಉದ್ದು ಹೂ ಬಿಟ್ಟಾಗ, ಬಿಸುವಿನ ಮೊದಲು ಸೊಪ್ಪು ಹೊರುವಾಗ. ಪ್ರತಿ ಸಲವೂ ಬಾವಿಯ ನೀರಿನ ಮಟ್ಟ, ಎರೆಹುಳುವಿನ ಸಂಖ್ಯೆ, ಮಣ್ಣಿನ ಬಣ್ಣಗಳನ್ನು ಒಂದೇ ಪುಸ್ತಕದಲ್ಲಿ ಬರೆದಿಡಲಿ. ಕಾಲಿಗೆ ಗಾಯವಿದ್ದವರು ಮಾತ್ರ ಕೆಸರಿಗಿಳಿಯಬಾರದು, ಇಲಿಜ್ವರದ ಭಯವಿದೆ. ಮುಂದಿನ ವರ್ಷದ ತರಗತಿ ಅದೇ ಪುಸ್ತಕವನ್ನು ಮುಂದುವರಿಸಲಿ. ಹತ್ತು ವರ್ಷ ಕಳೆದರೆ ಆ ಊರಿನ ಮಣ್ಣಿನ ಚರಿತ್ರೆ ಅದರಲ್ಲಿರುತ್ತದೆ. ಗದ್ದೆಯ ಯಜಮಾನನಿಗೂ, ತನ್ನ ಬೇಸಾಯವನ್ನು ನೋಡಲು ಪ್ರತಿ ವರ್ಷವೂ ಮಕ್ಕಳು ಬರುತ್ತಾರೆಂಬ ಧೈರ್ಯವಿರುತ್ತದೆ. ಅಂಥ ಗದ್ದೆ ಬೇಗ ಹಡಿಲು ಬೀಳದು.