ಫೋನ್‌ನಲ್ಲಿ ಡಾಕ್ಟರು: ಗಡಿಮನೆಗಳಿಗೆ ‘ಆಯಾಸ’ದ ಗೊಂದಲ

ಜಹೀರಾಬಾದ್: ‘ಆಯಾಸಂ ಉಂದಾ?’ ಎಂದು ತೆಲುಗಿನ ಡಾಕ್ಟರು ಕೇಳಿದರೆ ‘ದಮ್ಮು ಹತ್ತುತ್ತದಾ?’ ಎಂದರ್ಥ. ಅದೇ ಮಾತು ಕನ್ನಡದವರ ಕಿವಿಗೆ ‘ಸುಸ್ತಾಗಿದೆಯಾ?’ ಎಂದು ಕೇಳುತ್ತದೆ. ಸುಸ್ತಿಗೆ ತೆಲುಗಿನವರು ‘ನೀರಸಂ’ ಅನ್ನುತ್ತಾರೆ. ಎದುರಿಗಿದ್ದರೆ ಡಾಕ್ಟರು ರೋಗಿಯ ಎದೆಯ ಏರಿಳಿತ ಕಣ್ಣಾರೆ ನೋಡುತ್ತಾರೆ. ಬರೀ ಫೋನ್‌ನಲ್ಲಿ ಮಾತೇ ಆಧಾರ.

ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ನಿಯಮ ಹೊರಡಿಸಿತು. 2021ರ ಮೇ ತಿಂಗಳಲ್ಲಿ ತೆಲಂಗಾಣ ಸರ್ಕಾರ ಮನೆಮನೆ ಜ್ವರ ಸಮೀಕ್ಷೆ ನಡೆಸಿ, ಆಶಾ ಮತ್ತು ಎಎನ್‌ಎಂ ಕಾರ್ಯಕರ್ತೆಯರ ಕೈಯಲ್ಲಿ ಔಷಧದ ಕಿಟ್ ಕಳಿಸಿತು. ಇದು ಒಳ್ಳೆಯ ಕೆಲಸವೇ. ಆದರೆ ಕಿಟ್ ಕೊಟ್ಟಮೇಲೆ ರೋಗಿ ಸುಧಾರಿಸುತ್ತಿದ್ದಾನೋ, ಆಸ್ಪತ್ರೆಗೆ ಒಯ್ಯಬೇಕೋ ಎಂಬುದು ಪ್ರಶ್ನೋತ್ತರದ ಮೇಲೆಯೇ ನಿಂತಿತ್ತು.

2022ರ ಜನವರಿಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಮನೆವಾಸ ಕನಿಷ್ಠ 7 ದಿನ. ಕೊನೆಗೆ ಸತತ 3 ದಿನ ಜ್ವರ ಇರಬಾರದು. ದಮ್ಮು ಹತ್ತಿದರೆ, ಎದೆನೋವು ಬಿಡದಿದ್ದರೆ, ಮಂಕು ಕವಿದರೆ, ಆಕ್ಸಿಮೀಟರ್ ಗಂಟೆಯೊಳಗೆ ಮೂರು ಸಲ 93 ಅಥವಾ ಕಡಿಮೆ ತೋರಿದರೆ ಕೂಡಲೇ ವೈದ್ಯರ ನೆರವು ಪಡೆಯಬೇಕು. ಅಂಕಿಗೆ ಭಾಷೆಯ ಹಂಗಿಲ್ಲ. ಆದರೆ ಆಕ್ಸಿಮೀಟರ್ ಇಲ್ಲದ ಮನೆಗೆ ಮಾತೇ ಗತಿ.

ಇಲ್ಲಿ ಇನ್ನೊಂದು ತೊಡಕಿದೆ. ಗಡಿಮನೆಗಳಲ್ಲಿ ಶಾಲೆಗೆ ಹೋದ ಮಕ್ಕಳಿಗೆ ತೆಲುಗು ಬರುತ್ತದೆ, ಅಜ್ಜಿಗೆ ಬರುವುದು ಮನೆಮಾತೊಂದೇ. ಅಜ್ಜಿ ಒಳಗಿನ ಖೋಲಿಯಲ್ಲಿ, ಮೊಮ್ಮಗ ಹೊರಗೆ. ಮನೆವಾಸದ ನಿಯಮವೇ ರೋಗಿಯನ್ನೂ ಮನೆಯ ದುಭಾಷಿಯನ್ನೂ ಬೇರೆ ಮಾಡುತ್ತದೆ. ಮರಾಠಿಯ ‘ದಮ್ ಲಾಗಣೆ’ಗೂ ನಮ್ಮ ‘ದಮ್ಮು ಹತ್ತೋದಕ್ಕೂ’ ಅರ್ಥ ಒಂದೇ, ಅಲ್ಲಿ ಫಜೀತಿ ಇಲ್ಲ. ಆದರೆ ತೆಲುಗಿನಲ್ಲಿ ಪದ ಒಂದೇ, ಅರ್ಥ ಬೇರೆ. ತಪ್ಪಾಯಿತೆಂದು ಇಬ್ಬರಿಗೂ ಗೊತ್ತಾಗುವುದಿಲ್ಲ.

ಕನ್ನಡ ಬಲ್ಲ ಡಾಕ್ಟರು ಬೀದರ್, ಕಲಬುರಗಿಯಲ್ಲಿ ಇದ್ದಾರೆ. 2020ರ ನಿಯಮದಂತೆ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗೂ ಫೋನ್‌ನಲ್ಲಿ ಸಲಹೆ ಕೊಡಬಹುದು. 2021ರ ಮೇ ತಿಂಗಳಲ್ಲಿ ಹೊರರಾಜ್ಯದ ಆಂಬುಲೆನ್ಸ್‌ಗಳನ್ನು ತೆಲಂಗಾಣದ ಗಡಿಯಲ್ಲಿ ತಡೆದಾಗ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಫೋನ್ ಕರೆಗೆ ಅಂಥ ಗೇಟಿಲ್ಲ. ಆದರೂ ಸಹಾಯವಾಣಿಗಳು ರಾಜ್ಯವಾರು ಹುಟ್ಟಿದವು: ಕರ್ನಾಟಕಕ್ಕೆ ಆಪ್ತಮಿತ್ರ, ತೆಲಂಗಾಣಕ್ಕೆ 104. ತೆಲಂಗಾಣದ ಅಧಿಕೃತ ಭಾಷೆಗಳು ತೆಲುಗು, ಉರ್ದು. ನಡುವಿನ ಕನ್ನಡ ಮನೆಗಳ ಲೆಕ್ಕ ಹಿಡಿದವರು ಯಾರು?

ಹಾಗೆಂದು ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸರ್ಕಾರಿ ಆಸ್ಪತ್ರೆಗಳು ರೋಗಿಯ ಚೀಟಿಯ ಮೇಲೆ ಮನೆಮಾತು ಬರೆದುಕೊಂಡರೆ, ಹತ್ತು ಪ್ರಶ್ನೆಗಳ ಕನ್ನಡ ಹಾಳೆಯೊಂದನ್ನು ಆಶಾ ಕಾರ್ಯಕರ್ತೆಯರಿಗೆ ಕೊಟ್ಟರೆ ಅರ್ಧ ಕೆಲಸ ಆದಂತೆ. 2023ರ ಮೇ 5ರಂದು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು, ನಿಜ. ಆದರೆ ಕ್ಷಯ, ಫ್ಲೂ, ಸೀತಾಳೆ ಸಿಡುಬಿನಂಥ ಅಮ್ಮ ಇನ್ನೂ ಮನೆಗೆ ಬರುತ್ತಲೇ ಇವೆ. ಸರ್ಕಾರದ ಇ-ಸಂಜೀವನಿ ಫೋನ್ ವೈದ್ಯಸೇವೆಯೂ ಉಳಿದಿದೆ.

ಅಲ್ಲಿಯವರೆಗೆ ಓದುಗರು ಇಷ್ಟು ನೆನಪಿಡಲಿ. ಫೋನ್‌ನಲ್ಲಿ ‘ಆಯಾಸ’ ಎಂಬ ಪದವನ್ನೇ ಬಳಸಬೇಡಿ. ಉಸಿರು ಸಿಗದಿದ್ದರೆ ತೆಲುಗಿನಲ್ಲಿ ‘ಊಪಿರಿ ಆಡಟಂ ಲೇದು’, ಉರ್ದುವಿನಲ್ಲಿ ‘ಸಾಂಸ್ ಲೇನೇ ಮೇಂ ತಕಲೀಫ್’ ಎನ್ನಿ. ಈ ಎರಡು ಸಾಲು ಬರೆದು ರೋಗಿಯ ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿದರೂ ಸಾಕು.