ಕಾರ್ಡಿನಲ್ಲಿ ಅಜ್ಜಿ ಯಜಮಾನಿ, ಮನೆಯಲ್ಲಿ?

ರೇಷನ್ ಕಾರ್ಡ್ ತೆಗೆದು ನೋಡಿ. ಹೆಚ್ಚಿನ ಮನೆಗಳಲ್ಲಿ ಮೊದಲ ಹೆಸರು ಅಜ್ಜಿಯದ್ದೇ ಇರುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ ಎಂದು ಹೇಳಿತು. ಹತ್ತು ವರ್ಷ ಇದು ಕಾರ್ಡಿನ ಮೇಲಿನ ಅಕ್ಷರವಾಗಿ ಮಾತ್ರ ಉಳಿದಿತ್ತು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ಆ ಅಕ್ಷರಕ್ಕೆ ತಿಂಗಳಿಗೆ 2,000 ರೂಪಾಯಿ ಬೆಲೆ ಬಂತು. ಅಜ್ಜಿಯ ಹೆಸರಲ್ಲೇ ಬ್ಯಾಂಕ್ ಖಾತೆ, ಅಜ್ಜಿಯ ಖಾತೆಗೇ ಹಣ. ಆದರೆ ಎಟಿಎಂ ಕಾರ್ಡ್ ಯಾರ ಕಿಸೆಯಲ್ಲಿದೆ? ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಹಣ ಬಂದದ್ದು ಅಜ್ಜಿಗೆ ಗೊತ್ತುಂಟಾ?

ಈ ಪ್ರಶ್ನೆ ಎರಡು ಸಾವಿರದ ಲೆಕ್ಕಕ್ಕೆ ಮುಗಿಯುವುದಿಲ್ಲ. ಸರಕಾರ, ಕಾನೂನು, ದೀನ್ ಮೂರೂ ಹಿರಿಯರಿಗೆ ಹಕ್ಕು ಕೊಟ್ಟಿವೆ. ಆ ಹಕ್ಕು ಹಳ್ಳಿಯ ಮನೆಯ ಒಳಗೆ ಎಷ್ಟು ಬರುತ್ತದೆ ಎಂಬುದೇ ನಾವು ನೋಡಬೇಕಾದ ವಿಷಯ.

ನಮ್ಮ ಊರಿನ ಮನೆಗಳ ಸ್ಥಿತಿ ಸ್ವಲ್ಪ ಬೇರೆ. ಮಗ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಇನ್ನೊಬ್ಬ ಬೆಂಗಳೂರಿನಲ್ಲಿ ಅಂಗಡಿ ಮಾಡಿಕೊಂಡಿರುತ್ತಾನೆ. ಮನೆಯಲ್ಲಿ ಉಳಿಯುವುದು ಅಜ್ಜ, ಅಜ್ಜಿ, ಸೊಸೆ, ಮಕ್ಕಳು. ಸುಬಹಿಗೆ ಎದ್ದರೆ ಅಜ್ಜನಿಗೆ ಕೆಲಸ ಮುಗಿಯುವುದಿಲ್ಲ. ಮೊಮ್ಮಗನನ್ನು ಎಬ್ಬಿಸಿ ಮದ್ರಸಕ್ಕೆ ಬಿಡಬೇಕು, ಶಾಲೆಯ ವ್ಯಾನಿಗೆ ಕಾಯಬೇಕು, ಮೀನು ತರಬೇಕು, ಕರೆಂಟ್ ಬಿಲ್ ಕಟ್ಟಬೇಕು. ಅಜ್ಜಿ ಪತ್ತಿರ್ ತಟ್ಟುತ್ತಾ ಮಗುವಿಗೆ ಸೂರತ್ ಕಂಠಪಾಠ ಮಾಡಿಸುತ್ತಾರೆ. ಮದ್ರಸದಲ್ಲಿ ಪೋಷಕರ ಸಭೆ ಕರೆದರೆ ಮುಂದಿನ ಸಾಲಿನಲ್ಲಿ ಬಂದು ಕೂರುವವರಲ್ಲಿ ಅರ್ಧಕ್ಕರ್ಧ ಅಜ್ಜಂದಿರು. ಮಗುವಿನ ಹಾಜರಿ ಬಗ್ಗೆ ಉಸ್ತಾದರಿಗೆ ಉತ್ತರ ಕೊಡುವುದು ಅವರು. ಗಲ್ಫಿನ ಸಂಬಳ ಮನೆ ಕಟ್ಟಿತು ಎಂದು ನಾವು ಹೇಳುತ್ತೇವೆ. ಆ ಸಂಬಳ ಸಾಧ್ಯವಾದದ್ದು ಊರಿನಲ್ಲಿ ಅಜ್ಜ-ಅಜ್ಜಿ ಮನೆ ನೋಡಿಕೊಂಡದ್ದರಿಂದ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಅವರ ಸ್ವಂತ ಕೆಲಸಗಳನ್ನು ನೋಡೋಣ. ಮೊದಲನೆಯದು ಬೆರಳಚ್ಚು.

ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಬ್ಯಾರಿ ಮನೆಗಳ ಖರ್ಚು ಒಂದು ಕಾಲದಲ್ಲಿ ನಡೆದದ್ದೇ ಬೀಡಿಯಿಂದ. ಮೂವತ್ತು ನಲವತ್ತು ವರ್ಷ ಎಲೆ ಕತ್ತರಿಸಿ, ಸುರುಳಿ ಸುತ್ತಿ, ದಾರ ಕಟ್ಟಿದ ಬೆರಳುಗಳಲ್ಲಿ ಗೆರೆ ಸವೆದು ಹೋಗಿರುತ್ತದೆ. ಇವತ್ತು ಸೊಸೈಟಿಯಲ್ಲಿ ಅಕ್ಕಿ ಬೇಕಾದರೂ ಹೆಬ್ಬೆರಳು, ಬ್ಯಾಂಕ್ ಮಿತ್ರರ ಹತ್ತಿರ ಹಣ ತೆಗೆಯಬೇಕಾದರೂ ಹೆಬ್ಬೆರಳು. ಮೆಷಿನ್ ಒಪ್ಪುವುದಿಲ್ಲ. "ಉಮ್ಮ, ನಾಳೆ ಬನ್ನಿ" ಎಂದು ಕಳಿಸುತ್ತಾರೆ. ದುಡಿದ ಗುರುತೇ ದುಡಿದವರಿಗೆ ಅಡ್ಡಿಯಾದ ಹಾಗೆ.

ಬೀಡಿ ಕೆಲಸದ ಪಿಎಫ್ ಪಿಂಚಣಿ ಪಡೆಯುವವರೂ ಇದ್ದಾರೆ. 2014ರಿಂದ ಈ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಅಷ್ಟು ಸಣ್ಣ ಮೊತ್ತಕ್ಕೂ ವರ್ಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಎಂದು ಜೀವನ ಪ್ರಮಾಣ ಪತ್ರ ಕೊಡಬೇಕು. ಕೊಡದಿದ್ದರೆ ಹಣ ನಿಲ್ಲುತ್ತದೆ. ಇಲ್ಲಿ ಎರಡು ವಿಷಯ ತಿಳಿದಿದ್ದರೆ ಅಲೆದಾಟ ಕಡಿಮೆಯಾದೀತು. ಒಂದು, ಪಿಎಫ್ ಪಿಂಚಣಿಯವರು ನವೆಂಬರ್ ತಿಂಗಳಿಗೇ ಕಾಯಬೇಕೆಂದಿಲ್ಲ. ವರ್ಷದ ಯಾವ ತಿಂಗಳಲ್ಲಿ ಕೊಟ್ಟರೂ ಅಲ್ಲಿಂದ ಒಂದು ವರ್ಷ ನಡೆಯುತ್ತದೆ. ಎರಡು, 2021ರಿಂದ ಬೆರಳಚ್ಚಿನ ಬದಲು ಮುಖ ತೋರಿಸಿಯೂ ಈ ಪ್ರಮಾಣ ಪತ್ರ ಮಾಡಬಹುದು. ಅದಕ್ಕೆ ಬೇಕಾದದ್ದು ಮನೆಯ ಮೊಮ್ಮಗನ ಕೈಯಲ್ಲಿರುವ ಸ್ಮಾರ್ಟ್ ಫೋನ್, ಅಜ್ಜಿಯ ಆಧಾರ್ ನಂಬ್ರ, ಪಿಂಚಣಿ ಆದೇಶದ ನಂಬ್ರ. ಕಾಲು ಗಂಟೆಯ ಕೆಲಸ. ರೀಲ್ಸ್ ನೋಡುವ ಹೊತ್ತಿನಲ್ಲಿ ಆಗುವ ಕೆಲಸಕ್ಕೆ ಅಜ್ಜಿ ಆಟೋ ಹಿಡಿದು ಪೇಟೆಗೆ ಹೋಗುತ್ತಿದ್ದಾರೆ.

ಎರಡನೆಯದು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತ. ಮೈಸೂರು, ಹಾಸನ ಕಡೆಯ ಅಜ್ಜಿ ಮಗಳ ಮನೆಗೆ, ಆಸ್ಪತ್ರೆಗೆ ಧೈರ್ಯವಾಗಿ ಹೊರಡುತ್ತಾರೆ. ನಮ್ಮ ಎರಡು ಜಿಲ್ಲೆಗಳ ಹಳ್ಳಿ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟ್ ಉಚಿತವಾಗುವುದಿಲ್ಲ. ಒಂದೇ ರಾಜ್ಯ, ಒಂದೇ ಯೋಜನೆ, ಆದರೆ ನಮ್ಮ ಅಜ್ಜಿಗೆ ಅದರ ಪ್ರಯೋಜನ ಸರಕಾರಿ ಬಸ್ಸು ಸಿಗುವ ಹೆದ್ದಾರಿವರೆಗೆ ನಡೆದು ಹೋದರೆ ಮಾತ್ರ. ಗ್ರಾಮ ಸಭೆಯಲ್ಲಿ ಈ ಬೇಡಿಕೆ ಬರೆದು ಕೊಡುವವರು ಬೇಕು. ಆಸ್ಪತ್ರೆಯ ಹೊತ್ತಿಗೆ ಬೆಳಗ್ಗೆ ಒಂದು ಸರಕಾರಿ ಬಸ್ಸು ಒಳ ಊರಿಗೆ ಬಂದು ಹೋದರೂ ಸಾಕು ಎನ್ನುವವರು ಬಹಳ ಮಂದಿ ಇದ್ದಾರೆ. ಆದರೆ ಸಭೆಗೆ ಹೋಗುವವರು ಕಡಿಮೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಆಸ್ತಿಯ ಕಾಗದ.

ವಸಿಯ್ಯತ್‌ಗೆ ಶರೀಅತ್‌ನಲ್ಲಿ ಮೂರನೇ ಒಂದು ಭಾಗದ ಮಿತಿ ಇದೆ, ಅದೂ ವಾರಸುದಾರರಿಗೆ ಇತರ ವಾರಸುದಾರರ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ಹಾಗಾಗಿ ನಮ್ಮಲ್ಲಿ ಬದುಕಿರುವಾಗಲೇ ದಾನಪತ್ರ ಮಾಡಿಕೊಡುವ ರೂಢಿ. ಮನೆ ಸಾಲಕ್ಕೆ ಬ್ಯಾಂಕಿನವರು ಕೇಳಿದರು, ಮಗನಿಗೆ ರಜೆ ಎರಡೇ ವಾರ ಉಂಟು, ಬೇಗ ಸಹಿ ಹಾಕಿ ಎಂದು ಅವಸರ ಮಾಡುತ್ತಾರೆ. ಅಜ್ಜ ಓದದೆಯೇ ಸಹಿ ಹಾಕುತ್ತಾರೆ. ಆಮೇಲೆ ಸಂಬಂಧ ಹಾಳಾದರೆ ತಾನು ಕಟ್ಟಿಸಿದ ಮನೆಯಲ್ಲಿ ತಾನೇ ಅತಿಥಿ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಇದಕ್ಕೆ ಪರಿಹಾರ ಹೇಳುತ್ತದೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವನು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಎಂಬ ಮಾತೇ ಮುಖ್ಯ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಷರತ್ತು ಇಲ್ಲದೆ ಕೊಟ್ಟ ಆಸ್ತಿಗೆ ಈ ಸೆಕ್ಷನ್ ಅನ್ವಯಿಸದು ಎಂದಿತು. 2025ರ ಜನವರಿಯಲ್ಲಿ ಅದೇ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ಇದು ಹಿರಿಯರ ರಕ್ಷಣೆಗಾಗಿ ಬಂದ ಕಾನೂನು, ಅದನ್ನು ಉದಾರವಾಗಿ ಓದಬೇಕು ಎಂದು ಹೇಳಿ ತಾಯಿಯ ಆಸ್ತಿಯನ್ನು ತಾಯಿಗೆ ಮರಳಿಸಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆಂದು ಬರೆದುಕೊಟ್ಟ ಕಾಗದ ಇತ್ತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಇಟ್ಟರೆ ನಮಗೆ ಸಿಗುವ ಪಾಠ ಒಂದೇ: ಬಾಯಿ ಮಾತು ಸಾಲದು, ಬರೆದಿರಬೇಕು. ಆ ಬರವಣಿಗೆ ಫಿಕ್ಹ್ ಪ್ರಕಾರ ಹಿಬಾಕ್ಕೆ ತೊಂದರೆ ಕೊಡದ ಹಾಗೆ ಹೇಗಿರಬೇಕೆಂದು ನಿಮ್ಮ ಖತೀಬರ ಹತ್ತಿರವೂ ವಕೀಲರ ಹತ್ತಿರವೂ ಕೇಳಿಯೇ ಸಹಿ ಹಾಕಿ. ಅವಸರ ಇಲ್ಲದಿದ್ದರೆ ಬರೆದು ಕೊಡುವುದೇ ಬೇಡ. ಕಾಲಾನಂತರ ಪಾಲು ಮಾಡಲು ಅಲ್ಲಾಹನ ಫರಾಯಿಝ್ ಕಾನೂನು ಇದ್ದೇ ಇದೆ.

ಜೀವನಾಂಶದ ಮಾತಿಗೆ ಬಂದರೆ, ನಮ್ಮ ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಅರ್ಜಿ ಕೊಡಬಹುದು. ನೋಟಿಸ್ ತಲುಪಿದ 90 ದಿನಗಳೊಳಗೆ ತೀರ್ಮಾನ ಆಗಬೇಕು, ತಿಂಗಳಿಗೆ 10,000 ರೂಪಾಯಿವರೆಗೆ ಆದೇಶ ಮಾಡಬಹುದು ಎಂದು ಕಾಯ್ದೆ ಹೇಳುತ್ತದೆ. ಈ ಕಾಯ್ದೆಯಲ್ಲಿ 'ಮಕ್ಕಳು' ಎಂದರೆ ಮಗ ಮಗಳು ಮಾತ್ರ ಅಲ್ಲ, ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಇದನ್ನು ಕೇಳಿ ಆಶ್ಚರ್ಯ ಪಡುವವರಿದ್ದಾರೆ. ಆದರೆ ನಮ್ಮ ಶಾಫಿಈ ಕಿತಾಬುಗಳಲ್ಲಿ ಬಡ ಅಜ್ಜ-ಅಜ್ಜಿಯ ನಫಖ ಶಕ್ತಿಯುಳ್ಳ ಮೊಮ್ಮಕ್ಕಳ ಮೇಲೆ ಕಡ್ಡಾಯ, ತಂದೆ ಕಡೆಯವರಾಗಲಿ ತಾಯಿ ಕಡೆಯವರಾಗಲಿ ಎಂದು ಎಂದೋ ಬರೆದಾಗಿದೆ. ಪಾರ್ಲಿಮೆಂಟ್ 2007ರಲ್ಲಿ ಹೇಳಿದ್ದನ್ನು ನಮ್ಮ ದರ್ಸ್‌ಗಳಲ್ಲಿ ತಲೆಮಾರುಗಳಿಂದ ಓದುತ್ತಾ ಬಂದಿದ್ದೇವೆ. ಓದಿದ್ದು ಮನೆಗೆ ಬರಲಿಲ್ಲ ಅಷ್ಟೆ.

"ಮಕ್ಕಳ ಮೇಲೆ ಕೇಸ್ ಹಾಕುವುದಾ ಉಸ್ತಾದ್, ಜನ ಏನು ಹೇಳಿಯಾರು?" ಎಂದು ಹಿರಿಯರು ಕೇಳುತ್ತಾರೆ. ಆ ಮಾನದ ಭಯ ಸುಳ್ಳಲ್ಲ. ಇನ್ನೊಂದು ಕಡೆ ಮಗನ ಕಷ್ಟವೂ ಸುಳ್ಳಲ್ಲ. ಗಲ್ಫಿನಲ್ಲಿರುವವರೆಲ್ಲ ಶ್ರೀಮಂತರಲ್ಲ. ವೀಸಾ ಸಾಲ, ತಂಗಿಯ ಮದುವೆ ಸಾಲ, ರೂಮಿನ ಬಾಡಿಗೆ ಕಳೆದು ಉಳಿದದ್ದನ್ನೇ ಅವನು ಕಳಿಸುವುದು. ಅದಕ್ಕೇ ವಿಷಯ ಸಹಾಯಕ ಆಯುಕ್ತರ ಕಚೇರಿಗೆ ಹೋಗುವ ಮೊದಲು ಜಮಾಅತ್ ಕಚೇರಿಗೆ ಬರಬೇಕು. ನಿಕಾಹ್, ತಲಾಖ್ ಎಂದರೆ ರಾತ್ರಿ ಹನ್ನೆರಡರವರೆಗೆ ಕೂತು ಮಾತಾಡುವ ನಮ್ಮ ಕಮಿಟಿಗಳು ಅಜ್ಜಿಯೊಬ್ಬರ ಔಷಧಿ ಖರ್ಚಿನ ಬಗ್ಗೆ ಎಷ್ಟು ಸಲ ಕೂತಿವೆ?

ಇದಕ್ಕೆ ದೊಡ್ಡ ಫಂಡ್ ಬೇಕಾಗಿಲ್ಲ. ತಿಂಗಳಿಗೊಂದು ಜುಮಾ ಆದ ಮೇಲೆ ಮದ್ರಸದ ಹಾಲಿನಲ್ಲಿ ಇಬ್ಬರು ಕಾಲೇಜು ಹುಡುಗರು, ಮಹಿಳೆಯರಿಗೆ ಇಬ್ಬರು ಹುಡುಗಿಯರು ಫೋನ್ ಹಿಡಿದು ಕೂರಲಿ. ಜೀವನ ಪ್ರಮಾಣ ಪತ್ರ, ಪಿಂಚಣಿ ಅರ್ಜಿ, ಪಾಸ್ ಬುಕ್ ಎಂಟ್ರಿ ನೋಡಿಕೊಡಲಿ. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದ ಬಡ ಹಿರಿಯರಿಗೆ ತಿಂಗಳಿಗೆ 1,200 ರೂಪಾಯಿ ಇದೆ. ಅರ್ಹರಿದ್ದೂ ಪಡೆಯದವರ ಪಟ್ಟಿ ಮೊಹಲ್ಲಾ ಮಟ್ಟದಲ್ಲಿ ಆಗಲಿ. ಹಿರಿಯರಿಗಾಗಿ ಇರುವ 14567 ಉಚಿತ ಸಹಾಯವಾಣಿಯ ನಂಬ್ರವನ್ನು ಮಸೀದಿಯ ಬೋರ್ಡಿನಲ್ಲಿ ನಮಾಝಿನ ಸಮಯದ ಪಕ್ಕದಲ್ಲೇ ಬರೆದು ಹಾಕಲಿ.

ಗಲ್ಫಿನಲ್ಲಿರುವ ಸಹೋದರರಿಗೂ ಒಂದು ಮಾತು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕಾಲ್ ಹೋಗುವುದಿಲ್ಲ, ಬೇರೆ ಆ್ಯಪ್ ಹಾಕಬೇಕು, ಅಜ್ಜನಿಗೆ ಅದು ಬರುವುದಿಲ್ಲ. ಹಾಗಾಗಿ ಕಾಲ್ ಹೆಂಡತಿಯ ಫೋನಿಗೆ ಬರುತ್ತದೆ, ಕೊನೆಗೆ ಎರಡು ನಿಮಿಷ "ಉಪ್ಪಾಗೆ ಕೊಡು" ಎನ್ನುತ್ತೀರಿ. ಆ ಎರಡು ನಿಮಿಷದಲ್ಲಿ ಯಾವ ಅಜ್ಜನೂ ಮೊಣಕಾಲು ನೋವು ಹೇಳುವುದಿಲ್ಲ, "ಎಲ್ಲ ಸುಖ, ಅಲ್‌ಹಂದುಲಿಲ್ಲಾಹ್" ಎಂದು ಫೋನ್ ವಾಪಸ್ ಕೊಡುತ್ತಾರೆ. ವಾರದಲ್ಲಿ ಒಂದು ದಿನ ಅವರಿಗೇ ಕರೆ ಮಾಡಿ. ಕಳಿಸುವ ಹಣದಲ್ಲಿ ಸ್ವಲ್ಪವಾದರೂ ಅವರ ಕೈಗೇ ಹೋಗುವ ಹಾಗೆ ಮಾಡಿ. ಮೊಮ್ಮಗುವಿಗೆ ಒಂದು ಮಿಠಾಯಿ ತೆಗೆದುಕೊಡಲು ಅಜ್ಜ ಸೊಸೆಯ ಹತ್ತಿರ ಕೇಳುವ ಹಾಗಾಗಬಾರದು.

ತಂದೆ ತಾಯಿಯ ಮುಂದೆ 'ಉಫ್' ಎಂಬ ಬೇಸರದ ಸದ್ದು ಕೂಡ ಬೇಡ ಎಂದು ಸೂರತುಲ್ ಇಸ್ರಾಅ್‌ನಲ್ಲಿ ಅಲ್ಲಾಹನು ಕಲಿಸಿದ್ದಾನೆ. ನಮ್ಮ ಮಕ್ಕಳು ಈ ಪಾಠವನ್ನು ಮದ್ರಸದಲ್ಲಿ ಬೆಳಗ್ಗೆ ಓದಿ, ಮನೆಗೆ ಹೋಗಿ ನಾವು ನಮ್ಮ ಹಿರಿಯರ ಜೊತೆ ಹೇಗಿದ್ದೇವೆ ಎಂದು ನೋಡುತ್ತಾರೆ. ಈ ಶುಕ್ರವಾರ ಮನೆಯಲ್ಲಿ ಮೂರು ಕೆಲಸ ಮಾಡೋಣ: ಅಜ್ಜಿಯ ಪಾಸ್ ಬುಕ್ ಅಜ್ಜಿಯ ಕೈಗೆ ಕೊಡೋಣ, ಅದರಲ್ಲಿ ಏನು ಬಂದಿದೆ ಏನು ಹೋಗಿದೆ ಎಂದು ಓದಿ ಹೇಳೋಣ, ಜೀವನ ಪ್ರಮಾಣ ಪತ್ರದ ದಿನಾಂಕ ಯಾವಾಗ ಮುಗಿಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕೋಣ.