ಗಿನಿ ಕೋಳಿಗೆ ಚಳಿ ಅಲ್ಲ, ತೇವ ಶತ್ರು

ಮಾಗಿ ಚಳಿ ಶುರುವಾಯ್ತು ಅಂದ್ರೆ ನಮ್ಮ ಹಿನಕಲ್, ಹೂಟಗಳ್ಳಿ, ಇಲವಾಲದ ಕಡೆ ಕೋಳಿ ಸಾಕೋರಿಗೆಲ್ಲ ಒಂದೇ ಯೋಚನೆ, ಟಾರ್ಪಾಲ್. ಶೆಡ್ಡಿನ ನಾಲ್ಕೂ ಕಡೆ ಬಿಗಿಯಾಗಿ ಕಟ್ಟಿ, ಒಂದು ಕಿಂಡೀನೂ ಬಿಡದೆ ಮುಚ್ಚಿ, "ಪಾಪ, ಬೆಚ್ಚಗಿರ್ಲಿ" ಅಂತಾರೆ. ಗಿನಿ ಕೋಳಿ ಸಾಕೋರಂತೂ ಇನ್ನೂ ಜಾಸ್ತಿ ಹೆದರ್ತಾರೆ. ಆಫ್ರಿಕಾದ ಹಕ್ಕಿ, ಚಳಿ ತಡೆಯಲ್ಲ ಅನ್ನೋದು ಅವರ ಲೆಕ್ಕ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಮ್ಮ ಊರಿನ ಚಳಿಗೆ ಬೆಳೆದ ಗಿನಿ ಕೋಳಿ ಸಾಯಲ್ಲ. ಅದು ಸಾಯೋದು ತೇವಕ್ಕೆ, ಮುಚ್ಚಿದ ಶೆಡ್ಡಿನ ಕೆಟ್ಟ ಗಾಳಿಗೆ. ಮರಿಗಳ ವಿಷಯ ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ಈ ಹೆದರಿಕೆ ಅರ್ಧ ಬಂದಿರೋದು ಮೊಬೈಲಿಂದ. ಹಿಮ ಬೀಳೋ ದೇಶದ ರೈತರ ವೀಡಿಯೋ ನೋಡ್ತೀವಿ. ಅಲ್ಲಿ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಹೋಗುತ್ತೆ. ಮರದ ಮೇಲೆ ಕೂತ ಹಕ್ಕಿಯ ಕಾಲ್ಬೆರಳು, ಗದ್ದದ ಕೆಳಗಿನ ಜೋಲು ಹೆಪ್ಪುಗಟ್ಟಿ ಕಪ್ಪಾಗುತ್ತೆ, ಕುಡಿಯೋ ನೀರು ಗಡ್ಡೆ ಕಟ್ಟುತ್ತೆ. ಅವರು ಒಳಗೆ ಕೂಡಿ ಹಾಕೋದು ನ್ಯಾಯವೇ. ಆದ್ರೆ ಅಲ್ಲಿನ ಅನುಭವಸ್ಥರೂ ಗಾಳಿಕಿಂಡಿ ಪೂರ್ತಿ ಮುಚ್ಚಬೇಡಿ ಅಂತಲೇ ಹೇಳ್ತಾರೆ. ಆ ಮಾತು ಮಾತ್ರ ನಮ್ಮ ಕಿವಿಗೆ ಬೀಳಲ್ಲ.

ನಮ್ಮ ಚಳಿ ಎಷ್ಟು? 2012ರ ಜನವರಿಯಲ್ಲಿ ಮೈಸೂರಲ್ಲಿ 7.7 ಡಿಗ್ರಿಗೆ ಇಳಿದಿತ್ತು, ಅದನ್ನ ಜನ ಇವತ್ತೂ ನೆನೆಸ್ಕೊತಾರೆ. ಸಾಮಾನ್ಯ ವರ್ಷದಲ್ಲಿ ಅಷ್ಟೂ ಇರಲ್ಲ. ಇನ್ನೊಂದು ವಿಷಯ ನೋಡಿ. ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಅನ್ನೋ ಗಿನಿ ಕೋಳಿ ತಳಿಗಳು ಬಂದಿದ್ದು ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಿಂದ. ಅದು ಬರೇಲಿ ಪಕ್ಕದಲ್ಲಿದೆ. ಅಲ್ಲಿನ ಮಂಜು, ಚಳಿಯ ಮುಂದೆ ನಮ್ಮದು ಏನೂ ಅಲ್ಲ.

ಮುಚ್ಚಿದ ಶೆಡ್ಡಲ್ಲಿ ಆಗೋದು ಇಷ್ಟು. ಹಕ್ಕಿಯ ಉಸಿರಲ್ಲೂ ಹಿಕ್ಕೆಯಲ್ಲೂ ನೀರಿನಂಶ ಇರುತ್ತೆ. ಅದು ಹೊರಗೆ ಹೋಗೋಕೆ ದಾರಿ ಇಲ್ಲದೆ ತಣ್ಣಗಿರೋ ತಗಡಿಗೆ ತಾಗಿ ನೀರಾಗಿ, ಬೆಳಗಿನ ಜಾವ ಹಕ್ಕಿ ಮೈಮೇಲೇ ತೊಟ್ಟಿಕ್ಕುತ್ತೆ. ಗರಿಗಳ ನಡುವೆ ನಿಂತಿರೋ ಗಾಳಿಯೇ ಹಕ್ಕಿಗೆ ಕಂಬಳಿ. ಗರಿ ನೆನೀತು ಅಂದ್ರೆ ಕಂಬಳಿ ಹೋಯ್ತು. ಇತ್ತ ನೆಲದ ಹಾಸು ಒದ್ದೆಯಾಗಿ ಹಿಕ್ಕೆಯಿಂದ ಅಮೋನಿಯಾ ಏಳುತ್ತೆ. ಹೋದ ವರ್ಷ ಪಕ್ಕದ ಊರಿನವರೊಬ್ಬರು ಚಳಿಗೆ ಕೋಳಿ ಸಾಯ್ತಿವೆ ಬನ್ನಿ ಅಂತ ಕರೆದ್ರು. ಒಳಗೆ ಹೋದ್ರೆ ಕಣ್ಣು ಉರಿ, ತಗಡಿಂದ ಹನಿ ಬೀಳ್ತಿತ್ತು, ಹಕ್ಕಿಗಳು ಬಾಯಿ ತೆಗೆದು ಉಸಿರಾಡ್ತಿದ್ವು. ಎರಡು ಕಡೆ ಟಾರ್ಪಾಲ್ ಬಿಚ್ಚಿಸಿ, ಹಾಸು ಎತ್ತಿ ಒಣ ಹೊಟ್ಟು ಹಾಕಿಸಿದ ಮೇಲೆ ಉಳಿದವು ಚೇತರಿಸ್ಕೊಂಡ್ವು. ಚಳಿ ಏನೂ ಕಡಿಮೆ ಆಗಿರ್ಲಿಲ್ಲ.

ಹಾಗಂತ ಬಯಲಲ್ಲಿ ಬಿಡಿ ಅಂತ ನಾನು ಹೇಳ್ತಿಲ್ಲ. ಈ ಕಾಲದಲ್ಲಿ ನಮಗೆ ಮೂಡಣ ಗಾಳಿ. ಮೂಡಲ ಕಡೆಗೆ ಮಾತ್ರ ಟಾರ್ಪಾಲೋ ತೆಂಗಿನ ಗರಿ ತಡಿಕೆಯೋ ಕಟ್ಟಿ, ಕೂತ ಹಕ್ಕಿಯ ತಲೆಗಿಂತ ಎತ್ತರಕ್ಕೆ. ಸೂರಿನ ಕೆಳಗೆ ಒಂದಡಿ ಬಿಡಿ. ಪಡುವಲ ಕಡೆ ಜಾಲರಿ ಸಾಕು. ಕೂರೋಕೆ ಕಬ್ಬಿಣದ ಪೈಪ್ ಬೇಡ, ಕಾಲು ತಣ್ಣಗಾಗುತ್ತೆ. ಎರಡು ಮೂರು ಇಂಚು ಅಗಲದ ಚಪ್ಪಟೆ ಮರದ ಪಟ್ಟಿ ಹಾಕಿ, ಹಕ್ಕಿ ಕೂತಾಗ ಎದೆಯ ಗರಿ ಬೆರಳನ್ನ ಮುಚ್ಚುತ್ತೆ. ಬೆಳಗ್ಗೆ ಶೆಡ್ಡೊಳಗೆ ಹೋಗಿ, ಹಕ್ಕಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ. ಮೂಗು ಉರಿದ್ರೆ ಗಾಳಿ ಸಾಲದು ಅಂತ ಅರ್ಥ.

ಕೆಲವರು ಇನ್ನೊಂದು ತುದಿಗೆ ಹೋಗಿ, "ಕಾಡು ಹಕ್ಕಿ ಕಣ್ರೀ, ಮಾವಿನ ಮರದ ಮೇಲೆ ಮಲಗ್ಲಿ ಬಿಡಿ" ಅಂತಾರೆ. ಒಣ ಚಳಿಗೆ ಅದು ನಡೆಯುತ್ತೆ. ಆದ್ರೆ 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಹಿಡಿದಿದ್ದು ಮರೆತ್ರಾ? ಮರದ ಮೇಲೆ ರಾತ್ರಿಯಿಡೀ ನೆಂದು ಗಾಳಿಗೆ ಸಿಕ್ಕ ಹಕ್ಕಿಗೆ ಹದಿನೈದು ಡಿಗ್ರಿಯೂ ಅಪಾಯವೇ. ಮೇಲೆ ಗೂಬೆ, ಪುನುಗು ಬೆಕ್ಕು, ಕೆಳಗೆ ಇಳಿದ್ರೆ ಬಡಾವಣೆಗಳ ಬೀದಿನಾಯಿ. ಅದಕ್ಕೆ ಸಂಜೆ ಐದೂವರೆಗೆ, ಮರ ಹತ್ತೋ ಮುಂಚೆಯೇ, ಶೆಡ್ಡೊಳಗೆ ಒಡೆದ ಮುಸುಕಿನ ಜೋಳ, ರಾಗಿ ಹಾಕಿ. ದಿನಾ ಅದೇ ಹೊತ್ತು, ಅದೇ ಸದ್ದು. ಸ್ವಲ್ಪ ದಿನದಲ್ಲಿ ತಾವಾಗೇ ಬರ್ತವೆ. ಚಳಿಗಾಲದಲ್ಲಿ ಹುಳ ಹುಪ್ಪಟೆ ಕಡಿಮೆ, ಸಂಜೆ ಹೊಟ್ಟೆ ತುಂಬಿದ್ರೆ ರಾತ್ರಿ ಮೈ ಕಾವು ನಿಲ್ಲುತ್ತೆ.

ಈಗ ಮರಿ ವಿಷಯ. ನಾವು ಹೆದರಬೇಕಾಗಿರೋದು ಇಲ್ಲಿ. ಗರಿ ಬರೋವರೆಗೂ ಮರಿಗೆ ತನ್ನ ಮೈ ಕಾವು ಉಳಿಸ್ಕೊಳ್ಳೋಕೆ ಬರಲ್ಲ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಆಸುಪಾಸು ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸ್ಕೊಂಡು ಬನ್ನಿ. ಥರ್ಮಾಮೀಟರ್ ಇಲ್ದಿದ್ರೆ ಮರಿಗಳೇ ಹೇಳ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪಾದ್ರೆ ಚಳಿ, ದೂರ ಸರಿದು ಬಾಯಿ ತೆಗೆದ್ರೆ ಸೆಕೆ. ನುಣುಪು ಪೇಪರ್ ಹಾಸಬೇಡಿ, ಕಾಲು ಜಾರಿ ಸೊಟ್ಟಗಾಗ್ತವೆ, ಗೋಣಿತಾಟು ಹಾಕಿ. ನೀರಿನ ತಟ್ಟೇಲಿ ಕಲ್ಲು ಹಾಕಿ, ಇಲ್ದಿದ್ರೆ ಬಿದ್ದು ನೆನೀತವೆ. ಕರೆಂಟ್ ಹೋದ್ರೆ ಮುಚ್ಚಿದ ಕೋಣೇಲಿ ಕೆಂಡದ ಮಡಕೆ ಇಡಬೇಡಿ, ಹೊಗೆ ಕೊಲ್ಲುತ್ತೆ. ಬಿಸಿನೀರಿನ ಬಾಟ್ಲಿಗೆ ಬಟ್ಟೆ ಸುತ್ತಿ ಮಧ್ಯೆ ಇಡಿ.

ತಾಯಿ ಜೊತೆ ಬಿಡ್ತೀನಿ ಅನ್ನೋರಿಗೆ ಒಂದು ಮಾತು. ಗಿನಿ ಕೋಳಿ ಬೆಳಗ್ಗೆ ಇಬ್ಬನಿ ಹುಲ್ಲಲ್ಲೇ ಮರಿಗಳನ್ನ ಎಳ್ಕೊಂಡು ಓಡಾಡುತ್ತೆ, ಹಿಂದೆ ಉಳಿದದ್ದನ್ನ ತಿರುಗಿ ನೋಡಲ್ಲ. ಅದರ ಮೊಟ್ಟೆನ ನಾಟಿ ಕೋಳಿಗೆ ಕಾವಿಗೆ ಇಡೋದೇ ವಾಸಿ. ನಾಟಿ ಮೊಟ್ಟೆಗೆ 21 ದಿನ, ಇದಕ್ಕೆ 26ರಿಂದ 28, ಅಲ್ಲೀವರೆಗೂ ಗಟ್ಟಿಯಾಗಿ ಕೂರೋ ಕೋಳಿ ಆರಿಸಿ. ಮರಿ ಇದ್ದಾಗ ಇಬ್ಬನಿ ಆರೋ ಮುಂಚೆ ಬಾಗಿಲು ತೆಗೀಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಸಲಹೆ, ಡಿಸೆಂಬರಲ್ಲಿ ಗಿನಿ ಮರಿ ಕೊಳ್ಳಲೇಬೇಡಿ. ಹಾವು ಹುಳಕ್ಕೆ ಕಾವಲು ಬೇಕು ಅಂತ ಆತುರ ಇದ್ರೆ ಗರಿ ತುಂಬಿದ ಹಕ್ಕಿ ತನ್ನಿ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತೆ ಅಂತಾರಲ್ಲ, ಮರಿ ತರೋದು ಆಮೇಲೆ. ಟಾರ್ಪಾಲಿಗೆ ಹಾಕೋ ದುಡ್ಡಲ್ಲಿ ಅರ್ಧ ಉಳಿಸಿ ಎರಡು ಚೀಲ ಒಣ ಭತ್ತದ ಹೊಟ್ಟು ತಂದಿಡಿ, ಈ ಚಳಿಗಾಲ ನಿಮ್ಮ ಹಕ್ಕಿಗಳಿಗೆ ಅದೇ ಕಾವಲು.